ಸಹ್ಯಾದ್ರಿ ಡಿಕ್ಕಿಯಿಂದ ಎದ್ದಿತಾ, ಬಿರುಕಿನಿಂದ ಉಳಿಯಿತಾ?

ಉಣಕಲ್_ಮಂಜು:
ಕಳೆದ ತಿಂಗಳು ಮುಕ್ತಿನಾಥಕ್ಕೆ ಹೋಗಿ ಬಂದೆ. ಕಾಳಿ ಗಂಡಕಿಯ ದಂಡೆಯಲ್ಲಿ ಒಬ್ಬ ಮುದುಕ ಗುಂಡಗಿನ ಕರಿ ಕಲ್ಲೊಂದನ್ನು ಒಡೆದು ನನ್ನ ಕೈಗೆ ಕೊಟ್ಟ. ಒಳಗೆ ಬಸವನಹುಳುವಿನ ಚಿಪ್ಪಿನಂಥ ಸುರುಳಿ, ಸುರುಳಿಯ ಮೇಲೆ ಸಣ್ಣ ಸಣ್ಣ ಗೀರು. ನಮ್ಮ ಅಜ್ಜಿ ದಿನಾ ನೀರೆರೆದು ಪೂಜೆ ಮಾಡುತ್ತಿದ್ದ ಸಾಲಿಗ್ರಾಮ ಇದೇ. ಅದು ಅಮೋನೈಟ್ ಎಂಬ ಸಮುದ್ರ ಜೀವಿ. ಸತ್ತು ಸುಮಾರು 15 ಕೋಟಿ ವರ್ಷ ಆಗಿದೆ. ಮುಕ್ತಿನಾಥ ಇರುವುದು 3,700 ಮೀಟರ್‌ಗಿಂತ ಎತ್ತರದಲ್ಲಿ. ಸಮುದ್ರದ ಪ್ರಾಣಿ ಅಲ್ಲಿಗೆ ಹೇಗೆ ಹತ್ತಿತು? ಭಾರತದ ಭೂಫಲಕ (ಪ್ಲೇಟ್, ಅಂದರೆ ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು) ಸುಮಾರು 5 ಕೋಟಿ ವರ್ಷದ ಹಿಂದೆ ಏಷ್ಯಾದ ಫಲಕಕ್ಕೆ ಡಿಕ್ಕಿ ಹೊಡೆಯಿತು. ನಡುವೆ ಇದ್ದ ಟೆಥಿಸ್ ಸಮುದ್ರದ ತಳ ಮಡಚಿಕೊಂಡು ಮೇಲೆದ್ದಿತು.
ಮೊನ್ನೆ ಸಂಜೆ ನೃಪತುಂಗ ಬೆಟ್ಟದ ಮೇಲೆ ನಿಂತು ಪಶ್ಚಿಮಕ್ಕೆ ನೋಡುತ್ತಿದ್ದೆ. ನನಗೆ ಅನಿಸಿದ್ದು ಇಷ್ಟು: ಫಲಕದ ಗಡಿ ಇಲ್ಲದ ಕಡೆ ಬೆಟ್ಟ ಇಲ್ಲ. ನಮ್ಮ ಸಹ್ಯಾದ್ರಿಯೂ ಹೀಗೇ ಡಿಕ್ಕಿಯಿಂದ ಎದ್ದಿರಬೇಕು. ಬೆಟ್ಟ, ಕಂದಕ, ಜ್ವಾಲಾಮುಖಿ ಎಲ್ಲವೂ ಗಡಿಯ ಕೆಲಸ. ನಮ್ಮ ಎರೆಭೂಮಿಯೂ ಲಾವಾದಿಂದ ಬಂದಿದ್ದಲ್ವಾ? ಅದನ್ನೂ ಈ ಲೆಕ್ಕಕ್ಕೇ ಸೇರಿಸಬಹುದು. ಯಾರಾದರೂ ಬೇರೆ ಕಾರಣ ಹೇಳುವುದಾದರೆ ಹೇಳಿ.

ಕಪ್ಪತಗುಡ್ಡದ_ಗಾಳಿ:
“ಸಹ್ಯಾದ್ರಿಯೂ ಹೀಗೇ ಡಿಕ್ಕಿಯಿಂದ ಎದ್ದಿರಬೇಕು.” ಇಲ್ಲ. ಈ ಮಾತು ಹಬ್ಬುವ ಮೊದಲೇ ಇಲ್ಲೇ ನಿಲ್ಲಲಿ. ಡಿಕ್ಕಿಯಾದ ಕಡೆ ಕಲ್ಲಿನ ಪದರ ಮಡಚಿರುತ್ತದೆ, ಮುದುಡಿದ ಕಂಬಳಿಯ ಹಾಗೆ. ಮಹಾಬಳೇಶ್ವರದ ಅಂಚಿನಲ್ಲಿ ನಿಂತು ಎದುರಿನ ಕಡಿದಾದ ಗೋಡೆ ನೋಡಿ. ಲಾವಾದ ಪದರಗಳು ಒಂದರ ಮೇಲೊಂದು ರೊಟ್ಟಿ ಒಟ್ಟಿದ ಹಾಗೆ ಚಪ್ಪಟೆಯಾಗಿ ಕೂತಿವೆ. ಸುಮಾರು 6.6 ಕೋಟಿ ವರ್ಷದಿಂದ ಹಾಗೇ ಇವೆ. ಡಿಕ್ಕಿ ಹೊಡೆದಿದ್ದರೆ ಹಾಗೆ ಉಳಿಯುತ್ತಿದ್ದವಾ?
ಸಹ್ಯಾದ್ರಿ ಎಂದರೆ ಹರಿದ ಅಂಚು. ಮಡಗಾಸ್ಕರ್ ನಮ್ಮ ಪಶ್ಚಿಮಕ್ಕೆ ಅಂಟಿಕೊಂಡಿತ್ತು. ಸುಮಾರು 8.8 ಕೋಟಿ ವರ್ಷದ ಹಿಂದೆ ಬೇರೆಯಾಯಿತು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬ ನಿಲ್ಲಿಸಿದ ಹಾಗಿರುವ ಕಲ್ಲುಗಳು ಆ ಒಡೆತದ ಕಾಲದಲ್ಲಿ ಉಕ್ಕಿದ್ದು. ಆಮೇಲೆ ಉತ್ತರದ ಕಡೆ ಸೇಶೆಲ್ಸ್ ಕಳಚಿಕೊಂಡಿತು. ಹಿಮಾಲಯ ಗುದ್ದಾಟದ ಗುರುತು, ಸಹ್ಯಾದ್ರಿ ಬೇರೆಯಾದ ಗುರುತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ಉಣಕಲ್_ಮಂಜು:
“ಡಿಕ್ಕಿಯಾದ ಕಡೆ ಪದರ ಮಡಚಿರುತ್ತದೆ” ಅಂದಿರಿ. ಒಪ್ಪಿದೆ. ಹಾಗಾದರೆ ಧಾರವಾಡದ ಸುತ್ತ ರಸ್ತೆಗೆಂದು ಗುಡ್ಡ ಕಡಿದ ಕಡೆ ಹೋಗಿ ನೋಡಿ. ಪದರಗಳು ಮಲಗಿಲ್ಲ, ಪುಸ್ತಕದ ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ನಿಂತಿವೆ. ಅದನ್ನು ಯಾರು ನಿಲ್ಲಿಸಿದರು? ನೀವೇ ಕೊಟ್ಟ ಗುರುತು ಅದು.

ಕಪ್ಪತಗುಡ್ಡದ_ಗಾಳಿ:
ಆ ಕಲ್ಲು 250 ಕೋಟಿ ವರ್ಷಕ್ಕಿಂತ ಹಳೆಯದು! ಸಹ್ಯಾದ್ರಿಯ ಅಂಚು ಹುಟ್ಟಿದ್ದು ನಿನ್ನೆ ಮೊನ್ನೆ, 10 ಕೋಟಿ ವರ್ಷದ ಒಳಗೆ. ಅಜ್ಜನ ಮುಖದ ಸುಕ್ಕು ತೋರಿಸಿ ಮೊಮ್ಮಗನ ವಯಸ್ಸು ಹೇಳಿದ ಹಾಗಾಯಿತು.

ಕ್ಯಾಸಲ್‌ರಾಕ್_ಲೋಕೋ:
ನಾನು ಕಲ್ಲು ಓದಿದವನಲ್ಲ. ರೈಲು ಓಡಿಸಿದವನು. ಹುಬ್ಬಳ್ಳಿಯಿಂದ ಧಾರವಾಡ, ಅಳ್ನಾವರ, ಲೋಂಡಾ, ಕ್ಯಾಸಲ್‌ರಾಕ್. ಈ ದಾರಿಯಲ್ಲಿ ಎಂದೂ ದೊಡ್ಡ ಬೆಟ್ಟ ಹತ್ತಿಲ್ಲ. ಕಾಡು ದಟ್ಟ ಆಗುತ್ತದೆ, ಮಳೆ ಜಾಸ್ತಿ ಆಗುತ್ತದೆ, ಅಷ್ಟೇ. ಕ್ಯಾಸಲ್‌ರಾಕ್ ದಾಟಿದ ಮೇಲೆ ನೆಲವೇ ಕೈ ಬಿಡುತ್ತದೆ. ಕುಳೆಂವರೆಗೆ 37 ಅಡಿಗೆ ಒಂದು ಅಡಿ ಇಳಿಜಾರು. ಮೇಲೆ ಬರುವ ಗೂಡ್ಸ್‌ಗೆ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಹಾಕಲೇಬೇಕು. ದೂಧಸಾಗರ ಬೀಳುವುದೂ ಆ ಅಂಚಿನಿಂದಲೇ. ಪೂರ್ವದಿಂದ ಹೋದವನಿಗೆ ಘಟ್ಟ ಬೆಟ್ಟವಾಗಿ ಕಾಣುವುದಿಲ್ಲ. ಅಟ್ಟದ ತುದಿಗೆ ಬಂದ ಹಾಗೆ ಕಾಣುತ್ತದೆ. ಅದಕ್ಕೇ ನನಗೆ ಗದಗದ ಕಪ್ಪತಗುಡ್ಡದವರ ಮಾತು ಸರಿ ಅನಿಸುತ್ತದೆ.

ಉಣಕಲ್_ಮಂಜು:
“ಎಂದೂ ದೊಡ್ಡ ಬೆಟ್ಟ ಹತ್ತಿಲ್ಲ.” ನೀವು ಹೋದ ದಾರಿಯಲ್ಲಿ ಹತ್ತಿಲ್ಲ. ಮುಳ್ಳಯ್ಯನಗಿರಿ 1,900 ಮೀಟರ್ ದಾಟಿದೆ. ಅಲ್ಲಿಗೆ ರೈಲು ಹೋಗುವುದಿಲ್ಲ. ಒಂದು ದಾರಿ ನೋಡಿ ಇಡೀ ಘಟ್ಟಕ್ಕೆ ತೀರ್ಪು ಕೊಡಬಾರದು.

ಸಾಧನಕೇರಿ_ಓದುಗ:
ಬೆಟ್ಟದ ವಿಷಯ ನೀವೇ ಬಗೆಹರಿಸಿಕೊಳ್ಳಿ. “ಜ್ವಾಲಾಮುಖಿ ಎಲ್ಲವೂ ಗಡಿಯ ಕೆಲಸ” ಎಂಬುದು ತಪ್ಪು. ಹವಾಯಿ ದ್ವೀಪಗಳು ಪೆಸಿಫಿಕ್ ಫಲಕದ ನಡುಮಧ್ಯೆ ಇವೆ. ಹತ್ತಿರ ಯಾವ ಗಡಿಯೂ ಇಲ್ಲ. ಕೆಳಗಿನಿಂದ ಬಿಸಿ ಏರಿ ಬರುತ್ತದೆ, ಮೇಲೆ ಫಲಕ ಸರಿಯುತ್ತಾ ಹೋಗುತ್ತದೆ, ದ್ವೀಪಗಳ ಸಾಲು ಬೀಳುತ್ತದೆ. ನಮ್ಮ ದಖನ್ನಿನ ಲಾವಾವನ್ನೂ ಹೆಚ್ಚಿನವರು ಇಂಥದೇ ಬಿಸಿ ತಾಣಕ್ಕೆ ಸೇರಿಸುತ್ತಾರೆ. ಆ ತಾಣ ಈಗ ರಿಯೂನಿಯನ್ ದ್ವೀಪದ ಕೆಳಗಿದೆ. ನಾವು ಅದರ ಮೇಲಿಂದ ಸರಿದು ಉತ್ತರಕ್ಕೆ ಬಂದೆವು. ಆ ಲಾವಾ ಸವೆದು ನಮ್ಮ ಎರೆಮಣ್ಣು ಆಯಿತು. 22 ವರ್ಷ ಮಕ್ಕಳಿಗೆ ಇದನ್ನೇ ಪಾಠ ಮಾಡಿದ್ದೇನೆ.

ಕಪ್ಪತಗುಡ್ಡದ_ಗಾಳಿ:
“ಆ ಲಾವಾ ಸವೆದು ನಮ್ಮ ಎರೆಮಣ್ಣು ಆಯಿತು.” ಯಾರ ಎರೆಮಣ್ಣು? ಲಾವಾದ ಹಾಸು ಬೆಳಗಾವಿ, ವಿಜಯಪುರದ ಕಡೆಗೆ ಮುಗಿಯುತ್ತದೆ. ಹುಬ್ಬಳ್ಳಿ, ಅಣ್ಣಿಗೇರಿ, ಗದಗ, ರೋಣ ಇವೆಲ್ಲ ಅದರ ದಕ್ಷಿಣಕ್ಕಿವೆ. ಇಲ್ಲಿ ಕೆಳಗಿರುವುದು ಧಾರವಾಡದ ಪದರಗಲ್ಲು, ಇಲ್ಲವೇ ಪಟ್ಟೆಪಟ್ಟೆ ನೈಸ್ ಕಲ್ಲು. ಲಾವಾ ಇಲ್ಲದ ಕಡೆ ಲಾವಾದ ಮಣ್ಣು ಹೇಗೆ ಬಂತು, ಮೇಷ್ಟ್ರೇ?

ಸಾಧನಕೇರಿ_ಓದುಗ:
ಈಗ ಇಲ್ಲ ಎಂದರೆ ಹಿಂದೆ ಇರಲಿಲ್ಲ ಎಂದು ಅರ್ಥವಲ್ಲ. 6 ಕೋಟಿ ವರ್ಷ ಮಳೆ ಬಿದ್ದಿದೆ. ಮೇಲಿನ ಲಾವಾ ತೊಳೆದು ಹೋಗಿ ಮಣ್ಣು ಮಾತ್ರ ಉಳಿದಿರಬಹುದು. ಇನ್ನು, ನನ್ನನ್ನು ಮೇಷ್ಟ್ರೇ ಎಂದು ಕರೆದ ಧಾಟಿ ನನಗೆ ಹಿಡಿಸಲಿಲ್ಲ.

ಎರೆಹೊಲ_ರೋಣ:
ಮೂರು ವರ್ಷದ ಹಿಂದೆ ನಮ್ಮ ಹೊಲದಲ್ಲಿ ಕೃಷಿಹೊಂಡ ತೋಡಿಸಿದೆವು. ಜೆಸಿಬಿ ತೋಡುವಾಗ ನಾನು ದಂಡೆಯ ಮೇಲೇ ನಿಂತಿದ್ದೆ. ಮೇಲೆ ಆಳೆತ್ತರ ಎರೆ. ಒದ್ದೆ ಇದ್ದಾಗ ಬಕೆಟ್ಟಿಗೆ ಬೆಣ್ಣೆಯ ಹಾಗೆ ಅಂಟಿಕೊಳ್ಳುತ್ತದೆ, ಕೆಳಗೆ ಬೀಳುವುದೇ ಇಲ್ಲ. ಅದರ ಕೆಳಗೆ ಬಿಳಿ ಸುಣ್ಣದ ಹರಳು, ಕಡಲೆ ಗಾತ್ರದ್ದು. ಅದರ ಕೆಳಗೆ ಕೈಯಲ್ಲಿ ಹಿಡಿದರೆ ಪುಡಿಯಾಗುವ ಬೂದು ಗರಸು. ಕೊನೆಗೆ ಕಲ್ಲು: ಬಿಳಿ ಪಟ್ಟೆ, ಕರಿ ಪಟ್ಟೆ, ಬಿಸಿಲಿಗೆ ಮಿನುಗುವ ಅಭ್ರಕ. ಅದು ಲಾವಾ ಕಲ್ಲಲ್ಲ. ವಿಜಯಪುರದ ನೆಂಟರ ಬಾವಿಯ ಕಲ್ಲು ನೋಡಿದ್ದೇನೆ. ಅದು ಬರೀ ಕಪ್ಪು, ಭಾರ, ಪಟ್ಟೆ ಇಲ್ಲ.
ನನ್ನ ಅಭಿಪ್ರಾಯ ಬೇರೆ. ಈ ಮಣ್ಣು ಮಲಪ್ರಭೆಯ ಪ್ರವಾಹದಲ್ಲಿ ಬಂದಿದೆ. ನಮ್ಮ ಹಿರಿಯರೂ ಹೊಳೆ ಕೊಟ್ಟ ಮಣ್ಣು ಎನ್ನುತ್ತಿದ್ದರು.

ಕಪ್ಪತಗುಡ್ಡದ_ಗಾಳಿ:
ಕೇಳಿದಿರಾ? ಹೊಲದಲ್ಲಿ ನಿಂತವರ ಸಾಕ್ಷಿ. ಗರಸು ಎಂದರೆ ಅದೇ ಕಲ್ಲು ಕೊಳೆತದ್ದು. ಕಲ್ಲು, ಗರಸು, ಸುಣ್ಣದ ಹರಳು, ಎರೆ. ಒಂದರಿಂದ ಒಂದು ಹುಟ್ಟಿ ನಿಂತಲ್ಲೇ ನಿಂತಿವೆ. ಮಳೆ ಕಡಿಮೆ, ನೆಲ ಸಮತಟ್ಟು, ನೀರು ಹರಿದು ಹೋಗದೆ ನಿಲ್ಲುತ್ತದೆ, ಸುಣ್ಣ ಮತ್ತು ಮೆಗ್ನೀಶಿಯಂ ತೊಳೆದು ಹೋಗುವುದಿಲ್ಲ. ಇಷ್ಟಿದ್ದರೆ ಲಾವಾ ಇಲ್ಲದೆಯೂ ಎರೆಮಣ್ಣು ಆಗುತ್ತದೆ.

ಎರೆಹೊಲ_ರೋಣ:
ನನ್ನ ಸಾಕ್ಷಿ ತೆಗೆದುಕೊಂಡು ನನ್ನ ತೀರ್ಮಾನ ಬಿಟ್ಟಿರಿ. “ನಿಂತಲ್ಲೇ ನಿಂತಿವೆ” ಎಂದು ನಾನು ಹೇಳಿಲ್ಲ. ಹೊಳೆಯಿಂದ ಬಂದಿದೆ ಎಂದಿದ್ದೇನೆ.

ಸಾಧನಕೇರಿ_ಓದುಗ:
ಹೊಳೆ ತಂದಿದ್ದರೆ ಇನ್ನೂ ಒಳ್ಳೆಯದು. ಹೊಳೆ ಎಲ್ಲಿಂದ ತಂದಿತು? ಬೆಳಗಾವಿ ಕಡೆಯಿಂದ. ಅಲ್ಲಿ ಲಾವಾ ಇದೆ ಎಂದು ಗದಗದವರೇ ಬರೆದಿದ್ದಾರೆ. ಹಾಗಾದರೆ ನನ್ನ ಪಾಠ ಸರಿಯೇ ಆಯಿತು.

ಕಪ್ಪತಗುಡ್ಡದ_ಗಾಳಿ:
ಮಲಪ್ರಭೆ ಹುಟ್ಟುವುದು ಖಾನಾಪುರದ ಕಣಕುಂಬಿಯಲ್ಲಿ. ಅದರ ನೀರು ಹೊಳೆಯ ಅಕ್ಕಪಕ್ಕದ ತಗ್ಗಿಗೆ ಮಣ್ಣು ಹಾಸಬಹುದು. ಹೊಳೆಗಿಂತ ಎಷ್ಟೋ ಎತ್ತರದಲ್ಲಿರುವ ಗದಗದ ಹೊಲಗಳಿಗೆ ಹತ್ತಿ ಬರುತ್ತದಾ? ಬ್ಯಾಡಗಿ, ರಾಣೆಬೆನ್ನೂರು ಕಡೆಯ ಎರೆಯನ್ನೂ ಮಲಪ್ರಭೆ ತಂದಳಾ? ಒಂದು ನಕ್ಷೆ ಬಿಡಿಸಿಟ್ಟುಕೊಂಡು ಮಾತಾಡಿ. ಬರೀ ಪುಸ್ತಕದ ಒಂದು ಸಾಲು ಹಿಡಿದು 22 ವರ್ಷ ಅದನ್ನೇ ಹೇಳಿದರೆ ಅದು ನಿಜ ಆಗುವುದಿಲ್ಲ.

ಸಾಧನಕೇರಿ_ಓದುಗ:
ಮಾತು ಅಳತೆಯಲ್ಲಿರಲಿ. ಆ ಒಂದು ಸಾಲು ಬರೆದವರು ದೇಶದ ಎರೆಭೂಮಿಯಲ್ಲಿ ಬಹುಪಾಲು ಲಾವಾದ ಮೇಲಿದೆ ಎಂದು ನೋಡಿ ಬರೆದರು. ಮಹಾರಾಷ್ಟ್ರ, ಮಾಳವ, ಗುಜರಾತ್. ಅದು ಸುಳ್ಳಾ? ಸುಳ್ಳಲ್ಲ. ನಿಮ್ಮ ಒಂದು ಹೊಂಡ ತೋರಿಸಿ ಇಡೀ ದಖನ್ನಿನ ಪಾಠ ಅಳಿಸುತ್ತೀರಾ?

ಹೊಸಬಡಾವಣೆ_ಹುಬ್ಳಿ:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಮನೆ ಕಟ್ಟಿ ನಾಲ್ಕು ವರ್ಷ ಆಗಿದೆ. ಅಡುಗೆಮನೆ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಇಳಿದಿದೆ. ಮೇ ತಿಂಗಳಲ್ಲಿ ಎಟಿಎಂ ಕಾರ್ಡ್ ಒಳಗೆ ಹೋಗುತ್ತಿತ್ತು. ಮನೆ ಕಟ್ಟಿಕೊಟ್ಟವರು ಬಂದು ನೋಡಿ, “ನಮ್ಮ ಕೆಲಸದ ತಪ್ಪಲ್ಲ, ಭೂಮಿಯೇ ಸರಿಯುತ್ತಿದೆ, ಪ್ಲೇಟ್ ಅಲುಗಾಡುತ್ತಿದೆ” ಎಂದು ಹೇಳಿ ಹೋದರು. ಇಲ್ಲಿ ಪ್ಲೇಟ್ ಗಡಿಯ ಮಾತು ನಡೆದಿದೆ ಎಂದು ಕೇಳುತ್ತಿದ್ದೇನೆ. ಹುಬ್ಬಳ್ಳಿಯ ಕೆಳಗೆ ಗಡಿ ಇದೆಯಾ? ಮನೆ ಬಿಡಬೇಕಾ?

ಬ್ಯಾಡಗಿ_ಹುಡುಗಿ:
ಮನೆ ಬಿಡಬೇಡಿ. ನಾನು ಸಿವಿಲ್ ಎಂಜಿನಿಯರ್, ಹಾವೇರಿ ಜಿಲ್ಲೆಯಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಗೋಡೆ ಸೀಳಿದ್ದು ಪ್ಲೇಟ್ ಅಲ್ಲ, ಎರೆಮಣ್ಣು. ಅದರಲ್ಲಿ ಸ್ಮೆಕ್ಟೈಟ್ ಎಂಬ ಜೇಡಿ ಇದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಹೊಲದ ಸೀಳಿನಲ್ಲಿ ಮೊಣಕೈವರೆಗೆ ಕೈ ಇಳಿಸಬಹುದು. ಅದೇ ಸೀಳು ನಿಮ್ಮ ಅಡಿಪಾಯದ ಕೆಳಗೂ ಬಿಡುತ್ತದೆ. ಕಟ್ಟುವಾಗ ಎರೆ ತೆಗೆದು ಗಟ್ಟಿ ನೆಲ ಮುಟ್ಟಬೇಕಿತ್ತು. ಇಲ್ಲವೇ ಅಂಡರ್‌ರೀಮ್ಡ್ ಪೈಲ್ ಹಾಕಬೇಕಿತ್ತು. ತುದಿ ಅಗಲವಾದ ಕಂಬ ಅದು, ಉಬ್ಬಿ ಇಳಿಯುವ ಮಣ್ಣಿನ ಕೆಳಗೆ ಊರಿ ನಿಲ್ಲುತ್ತದೆ. ಈಗ ಮೊದಲು ಗೋಡೆಯ ಬುಡಕ್ಕೆ ನೀರು ನಿಲ್ಲದ ಹಾಗೆ ಮಾಡಿ, ದೊಡ್ಡ ಗಿಡ ಇದ್ದರೆ ಹೇಳಿ. ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗುರುತು ಹಾಕಿ ತಿಂಗಳಿಗೊಮ್ಮೆ ಅಳೆಯಿರಿ. ಮಳೆಗಾಲದಲ್ಲಿ ಮುಚ್ಚಿ ಬೇಸಿಗೆಯಲ್ಲಿ ತೆರೆದರೆ ಅದು ಮಣ್ಣಿನ ಕೆಲಸವೇ.
ನಾವಿರುವುದು ಪ್ಲೇಟಿನ ಒಳಗೆ. ಗಡಿಗಳು ಉತ್ತರಕ್ಕೆ ಹಿಮಾಲಯದಲ್ಲಿ, ಪೂರ್ವಕ್ಕೆ ಅಂಡಮಾನ್ ಹತ್ತಿರ, ನೈಋತ್ಯಕ್ಕೆ ಅರಬ್ಬಿ ಸಮುದ್ರದಾಚೆ ಕಾರ್ಲ್ಸ್‌ಬರ್ಗ್ ಎಂಬ ಸಮುದ್ರತಳದ ಬೆಟ್ಟಸಾಲಿನಲ್ಲಿ ಇವೆ. ಎಲ್ಲವೂ ಬಹಳ ದೂರ.

ಕ್ಯಾಸಲ್‌ರಾಕ್_ಲೋಕೋ:
ಪ್ಲೇಟ್ ಸರಿಯುವುದು ಮಾತ್ರ ನಿಜ, ವರ್ಷಕ್ಕೆ ಸುಮಾರು 5 ಸೆಂಟಿಮೀಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿಪಿಎಸ್ ಕೇಂದ್ರ ಅದನ್ನು ಅಳೆಯುತ್ತದೆ. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮಿನಷ್ಟು ದೂರ ಹೋಗಲು 30 ಸಾವಿರ ವರ್ಷ ಬೇಕು. ಆದರೆ ಸ್ಟೇಷನ್ನು, ನಿಮ್ಮ ಮನೆ, ಬೆಂಗಳೂರು ಎಲ್ಲ ಒಟ್ಟಿಗೇ ಸರಿಯುತ್ತವೆ. ಬೋಗಿ ಓಡುವಾಗ ಒಳಗಿನ ಸೀಟು ಒಂದರಿಂದ ಒಂದು ದೂರ ಆಗುವುದಿಲ್ಲ ಅಲ್ವಾ? ಗೋಡೆ ಒಡೆಯಲು ಅದು ಕಾರಣವಾಗಲಾರದು.

ಹೊಸಬಡಾವಣೆ_ಹುಬ್ಳಿ:
ಉಪಕಾರ ಆಯಿತು. ಗೋಡೆಗೆ ಅಂಟಿಕೊಂಡೇ ನುಗ್ಗೆ ಗಿಡ ಇದೆ. ಗುರುತು ಹಾಕುತ್ತೇನೆ.

ಉಣಕಲ್_ಮಂಜು:
“ಎಲ್ಲವೂ ಬಹಳ ದೂರ.” ಇದು ಅಪಾಯದ ಮಾತು. ಮಹಾರಾಷ್ಟ್ರದ ಕಿಲ್ಲಾರಿ ಯಾವ ಗಡಿಯ ಮೇಲಿತ್ತು? 1993ರ ಸೆಪ್ಟೆಂಬರ್ 30, ಬೆಳಗಿನ ಜಾವ. ಗಣಪತಿ ಕಳಿಸಿ ಬಂದು ಮಲಗಿದ್ದ ಜನ. 6.2ರ ಕಂಪನ. ಸುಮಾರು 10 ಸಾವಿರ ಮಂದಿ ಕಲ್ಲು ಮಣ್ಣಿನ ಗೋಡೆಯ ಕೆಳಗೆ ಹೋದರು. ಅಲ್ಲಿಯೂ ಎಲ್ಲರೂ ನಾವು ಪ್ಲೇಟಿನ ಒಳಗಿದ್ದೇವೆ ಎಂದೇ ತಿಳಿದಿದ್ದರು. ಎಂಜಿನಿಯರ್ ಆಗಿ ಜನರಿಗೆ ಹೀಗೆ ಸಮಾಧಾನ ಹೇಳುವುದು ಸರಿಯಾ?

ಬ್ಯಾಡಗಿ_ಹುಡುಗಿ:
ಭೂಕಂಪ ಬರುವುದಿಲ್ಲ ಎಂದು ನಾನು ಎಲ್ಲಿ ಬರೆದೆ? ಒಂದು ಸಾಲು ತೋರಿಸಿ. ನಾನು ಬಿರುಕಿನ ಬಗ್ಗೆ ಉತ್ತರಿಸಿದೆ. ಕಟ್ಟಡದ 2002ರ ಭೂಕಂಪ ಸಂಹಿತೆ ಧಾರವಾಡವನ್ನು ಮೂರನೇ ವಲಯದಲ್ಲಿ, ಅಂದರೆ ಮಧ್ಯಮ ಅಪಾಯದ ವಲಯದಲ್ಲಿ ಇಟ್ಟಿತು. ಅದನ್ನು ಓದಿಯೇ ಕಂಬಕ್ಕೆ ಕಬ್ಬಿಣ ಕಟ್ಟಿಸುತ್ತೇನೆ. ಗುತ್ತಿಗೆದಾರರ ಜೊತೆ ಅದಕ್ಕಾಗಿ ಜಗಳ ಆಡುತ್ತೇನೆ. ನೀವು ಕೇಳದೇ ಇದ್ದ ಮಾತಿಗೆ ನನ್ನನ್ನು ಅಪರಾಧಿ ಮಾಡಬೇಡಿ.
ಇನ್ನು ಕಿಲ್ಲಾರಿ. ಹಿಮಾಲಯದಲ್ಲಿ ಪ್ಲೇಟ್ ಒತ್ತುತ್ತದೆ, ಆ ಒತ್ತಡ ಇಡೀ ಪ್ಲೇಟಿನ ಒಳಗೆ ಹರಡುತ್ತದೆ. ಎಲ್ಲಿ ಹಳೆಯ ಸೀಳು ಇದೆಯೋ ಅಲ್ಲಿ ಜಾರುತ್ತದೆ. 2001ರ ಜನವರಿ 26ರಂದು ಕಚ್ಛದಲ್ಲಿ ಆದದ್ದೂ ಹಳೆಯ ಸೀಳುಗಳ ಮೇಲೆಯೇ. ಅಂದರೆ ಗಡಿ ದೂರವಿದ್ದರೂ ಅದರ ಕೈ ಇಲ್ಲಿಗೆ ಚಾಚುತ್ತದೆ. ಇದನ್ನೇ ಮೊದಲು ಕೇಳಿದ್ದರೆ ಮೊದಲೇ ಹೇಳುತ್ತಿದ್ದೆ.

ಉಣಕಲ್_ಮಂಜು:
“ಗಡಿಯ ಕೈ ಇಲ್ಲಿಗೆ ಚಾಚುತ್ತದೆ.” ನನ್ನ ಮೊದಲ ಬರಹದ ತಿರುಳು ಇದೇ. ಎಲ್ಲವೂ ಗಡಿಯ ಕೆಲಸ.

ಸಾಧನಕೇರಿ_ಓದುಗ:
ಮಹಾರಾಷ್ಟ್ರದ ಕೊಯ್ನಾ ಭೂಕಂಪ? 1967ರ ಡಿಸೆಂಬರ್ 11. ಸುಮಾರು 180 ಮಂದಿ ಸತ್ತರು. ಆಣೆಕಟ್ಟಿನ ನೀರಿನ ಭಾರ ಅದನ್ನು ಕೆಣಕಿತು ಎಂದು ಜಗತ್ತೇ ಓದುತ್ತದೆ. ಅದೂ ಗಡಿಯ ಕೆಲಸವಾ?

ಉಣಕಲ್_ಮಂಜು:
ನೀರು ಕೆಣಕಿತು. ಒತ್ತಡ ಮೊದಲೇ ಇತ್ತು.

ಎರೆಹೊಲ_ರೋಣ:
ಮಣ್ಣಿನ ಪ್ರಶ್ನೆ ಅರ್ಧಕ್ಕೇ ನಿಂತಿತು. ಗದಗದವರು ಎತ್ತರದ ಹೊಲದ ಮಾತು ಹೇಳಿದರು. ನಮ್ಮ ಹೊಲ ತಗ್ಗಿನಲ್ಲಿದೆ. ಬೆಣ್ಣಿಹಳ್ಳ ಉಕ್ಕಿದಾಗ ಹೊಲದಲ್ಲಿ ಗೇಣು ಮಣ್ಣು ಕೂತದ್ದನ್ನು ನವಲಗುಂದ ಕಡೆಯವರು ಕಣ್ಣಾರೆ ನೋಡಿದ್ದಾರೆ.

ಕಪ್ಪತಗುಡ್ಡದ_ಗಾಳಿ:
ಗೇಣು ಮಣ್ಣು ಕೂರುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ನಿಮ್ಮ ಗರಸಿಗೂ ಎರೆಗೂ ನಡುವೆ ಉರುಟು ಕಲ್ಲು, ಮರಳು ಸಿಕ್ಕಿತಾ? ಹೊಳೆ ತಂದ ಮಣ್ಣಾದರೆ ಸಾಮಾನ್ಯವಾಗಿ ಅದು ಇರುತ್ತದೆ. ನೀವು ಬರೆದ ಪದರದಲ್ಲಿ ಅದಿಲ್ಲ.

ಎರೆಹೊಲ_ರೋಣ:
ನಾನು ಆಗ ಮರಳು ಹುಡುಕಲು ನಿಂತಿರಲಿಲ್ಲ. ನೀರು ಎಷ್ಟು ಹಿಡಿಯುತ್ತದೆ ಎಂದು ನೋಡಲು ನಿಂತಿದ್ದೆ.

ಸಾಧನಕೇರಿ_ಓದುಗ:
ನೋಡಿ, ಸಾಕ್ಷಿಯೇ ಅರ್ಧ. ಅದರ ಮೇಲೆ ನನ್ನ 22 ವರ್ಷ ಕೆಡವಲು ಹೊರಟಿದ್ದರು. ಲಾವಾ ತೊಳೆದು ಹೋಯಿತು ಎಂಬುದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಕಪ್ಪತಗುಡ್ಡದ_ಗಾಳಿ:
ಉತ್ತರ ಇಲ್ಲಿದೆ. ಲಾವಾ ಇಲ್ಲಿಯವರೆಗೆ ಹಾಸಿದ್ದರೆ ಎಲ್ಲೋ ಒಂದು ಗುಡ್ಡದ ನೆತ್ತಿಯಲ್ಲಾದರೂ ಒಂದು ತುಣುಕು ಉಳಿಯಬೇಕಿತ್ತು. ಕಪ್ಪತಗುಡ್ಡದ ನೆತ್ತಿ ಹತ್ತಿದ್ದೇನೆ, ಗಾಳಿಯಂತ್ರದ ಬುಡದಲ್ಲಿ ನಿಂತಿದ್ದೇನೆ. ಅಲ್ಲಿ ಸಿಗುವುದು ಕೆಂಪು ಕಪ್ಪು ಪಟ್ಟೆಯ ಕಬ್ಬಿಣದ ಕಲ್ಲು. ಒಂದು ತುಣುಕನ್ನು ಅಂಗೈಯಲ್ಲಿ ಇಟ್ಟುಕೊಳ್ಳಿ, ಗಾತ್ರಕ್ಕೆ ಮೀರಿದ ಭಾರ. ಬೆರಳು ಉಜ್ಜಿದರೆ ಕುಂಕುಮದಂಥ ಪುಡಿ. ಅದು ಹಳೆಯ ಸಮುದ್ರದ ತಳದಲ್ಲಿ ಕೂತದ್ದು. ಇದೇ ಕಲ್ಲಿನ ಸಾಲು ದಕ್ಷಿಣಕ್ಕೆ ಚಿತ್ರದುರ್ಗದವರೆಗೆ ಹೋಗುತ್ತದೆ. ಅಲ್ಲಿ ಮರಡಿಹಳ್ಳಿಯಲ್ಲಿ ದಿಂಬು ಒಟ್ಟಿದ ಹಾಗೆ ಲಾವಾ ಇದೆ. ನೀರಿನೊಳಗೆ ಉಕ್ಕಿದರೆ ಮಾತ್ರ ಆ ಆಕಾರ ಬರುತ್ತದೆ. ಭೂವಿಜ್ಞಾನಿ ಬ್ರೂಸ್ ಫೂಟ್ 1880ರ ದಶಕದಲ್ಲಿ ಈ ಕಲ್ಲುಗಳಿಗೆ ಧಾರವಾಡ ಎಂದು ಹೆಸರಿಟ್ಟರು. ಅದಕ್ಕೇ ಧಾರವಾಡವನ್ನೇ ನೋಡದ ಪರದೇಶದ ಭೂವಿಜ್ಞಾನಿಗೂ ನಮ್ಮ ಊರಿನ ಹೆಸರು ಗೊತ್ತು. ಇಲ್ಲಿ ಹುಟ್ಟಿದವರಿಗೆ ಮಾತ್ರ ಕಾಲಬುಡದಲ್ಲಿ ಏನಿದೆ ಎಂದು ಹೇಳಿಕೊಟ್ಟಿಲ್ಲ. ನನಗೆ ನೋವಾಗುವುದು ಅದಕ್ಕೆ.

ಉಣಕಲ್_ಮಂಜು:
“ಹಳೆಯ ಸಮುದ್ರದ ತಳದಲ್ಲಿ ಕೂತದ್ದು.” ಸಮುದ್ರದ ತಳ ಗುಡ್ಡದ ನೆತ್ತಿಗೆ ಹೇಗೆ ಬಂತು? ಮುಕ್ತಿನಾಥದಲ್ಲಿ ಬಂದ ಹಾಗೇ ಅಲ್ವಾ? ಅಲ್ಲಿ ಸಾಲಿಗ್ರಾಮ, ಇಲ್ಲಿ ಕಬ್ಬಿಣದ ಕಲ್ಲು. ನೀವೇ ನನ್ನ ವಾದ ಗೆಲ್ಲಿಸಿದಿರಿ.

ಕಪ್ಪತಗುಡ್ಡದ_ಗಾಳಿ:
ನಾನು ಗೆಲ್ಲಿಸಿದ್ದು ಕಪ್ಪತಗುಡ್ಡದ ಮಾತನ್ನು, ಸಹ್ಯಾದ್ರಿಯದ್ದಲ್ಲ. ಹೌದು, ನಮ್ಮ ಗುಡ್ಡದ ಪೂರ್ವದ ಅಂಚಿನಲ್ಲಿ ಉದ್ದಕ್ಕೆ ಒಂದು ಹಳೆಯ ಜಾರು ವಲಯ ಇದೆ. ಅದರ ಆಚೆ ಪೂರ್ವದ ತುಂಡು, ಈಚೆ ಪಶ್ಚಿಮದ ತುಂಡು. 250 ಕೋಟಿ ವರ್ಷದ ಆಸುಪಾಸಿನಲ್ಲಿ ಎರಡೂ ಬೆಸೆದುಕೊಂಡವು. ಆ ಕಾಲದಲ್ಲಿ ಫಲಕಗಳು ಈಗಿನ ಹಾಗೇ ನಡೆದುಕೊಳ್ಳುತ್ತಿದ್ದವಾ ಎಂದು ತಿಳಿದವರೇ ಇನ್ನೂ ವಾದ ಮಾಡುತ್ತಿದ್ದಾರೆ. ಭೂಮಿಯ ಒಳಗೆ ಆಗ ಬಿಸಿ ಜಾಸ್ತಿ ಇತ್ತು. ಹಾಗಾಗಿ ಹಿಮಾಲಯದ ಅಚ್ಚನ್ನು ತಂದು ಇಲ್ಲಿ ಒತ್ತಬೇಡಿ.

ಉಣಕಲ್_ಮಂಜು:
“ಎರಡೂ ಬೆಸೆದುಕೊಂಡವು.” ಬೆಸೆದುಕೊಳ್ಳಲು ಮೊದಲು ಕೂಡಿಬರಬೇಕು. ಕೂಡಿಬರುವುದಕ್ಕೆ ಡಿಕ್ಕಿ ಎನ್ನುತ್ತಾರೆ.

ಬ್ಯಾಡಗಿ_ಹುಡುಗಿ:
ಇಬ್ಬರೂ ಡಿಕ್ಕಿ ಎಂಬ ಒಂದೇ ಪದಕ್ಕೆ ಜೋತು ಬಿದ್ದಿದ್ದೀರಿ. ಗಡಿ ಎಂದರೆ ಬರೀ ಡಿಕ್ಕಿ ಅಲ್ಲ. ದೂರ ಸರಿಯುವ ಕಡೆಯೂ ಗಡಿಯೇ. ಐಸ್‌ಲ್ಯಾಂಡ್ ಅಂಥ ಗಡಿಯ ಮೇಲೇ ಕೂತಿದೆ. 2023ರ ಕೊನೆಯಿಂದ ಗ್ರಿಂಡಾವಿಕ್ ಊರಿನ ಹತ್ತಿರ ನೆಲ ಸೀಳಿ ಬೆಂಕಿ ಉಕ್ಕಿತು, ಊರನ್ನೇ ಖಾಲಿ ಮಾಡಿಸಿದರು. ಆಫ್ರಿಕಾದ ಪೂರ್ವದಲ್ಲಿ ನೆಲ ಈಗಲೂ ಸೀಳುತ್ತಿದೆ, ಸೀಳಿನ ಅಂಚು ಎತ್ತರಕ್ಕೆ ನಿಂತಿದೆ. ಮಡಗಾಸ್ಕರ್ ಬಿಟ್ಟುಹೋದಾಗ ಸಹ್ಯಾದ್ರಿಯೂ ಅಂಥದೇ ಗಡಿಯ ಅಂಚಾಗಿತ್ತು. ಒಂದರ ಪಕ್ಕ ಒಂದು ಉಜ್ಜಿಕೊಂಡು ಹೋಗುವ ಕಡೆಯೂ ಗಡಿ. ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಹಾಗಿದೆ. ಅಲ್ಲಿ ದೊಡ್ಡ ಬೆಟ್ಟಕ್ಕಿಂತ ನೇರ ಕಣಿವೆ, ಪಕ್ಕಕ್ಕೆ ತಿರುಗಿದ ಹಳ್ಳ ಕಾಣುತ್ತವೆ.

ಕಪ್ಪತಗುಡ್ಡದ_ಗಾಳಿ:
ಅದನ್ನೇ ನಾನು ಮೊದಲನೇ ಉತ್ತರದಲ್ಲೇ ಹೇಳಿದ್ದೆ. ಹರಿದ ಅಂಚು.

ಉಣಕಲ್_ಮಂಜು:
“ಸಹ್ಯಾದ್ರಿಯೂ ಗಡಿಯ ಅಂಚಾಗಿತ್ತು.” ಗಡಿ ಇಲ್ಲದ ಕಡೆ ಬೆಟ್ಟ ಇಲ್ಲ ಎಂದೆ. ಈಗ ಎಂಜಿನಿಯರೂ ಒಪ್ಪಿದರು.

ಬ್ಯಾಡಗಿ_ಹುಡುಗಿ:
ಒಪ್ಪಿಲ್ಲ. ನೀವು ಡಿಕ್ಕಿ ಎಂದಿರಿ.

ಸಾಧನಕೇರಿ_ಓದುಗ:
ಹರಿದ ಅಂಚಿಗೆ ಇನ್ನೊಂದು ಸಾಕ್ಷಿ ನಮ್ಮ ಮನೆ ಬಾಗಿಲಲ್ಲೇ ಇದೆ. ಗದಗದವರ ಪರ ಮಾತಾಡುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ. ಮಲಪ್ರಭೆ ಹುಟ್ಟುವ ಕಡೆಯಿಂದ ಅರಬ್ಬಿ ಸಮುದ್ರ ಹತ್ತಿರ. ಆದರೂ ಅವಳು ಬೆನ್ನು ತಿರುಗಿಸಿ ಪೂರ್ವಕ್ಕೆ ನಡೆದು ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಅಂಚು ಎತ್ತರ, ಪ್ರಸ್ಥಭೂಮಿ ಪೂರ್ವಕ್ಕೆ ವಾಲಿದೆ. ಧಾರವಾಡದಲ್ಲಿ ಹುಟ್ಟುವ ಶಾಲ್ಮಲೆ ಮಾತ್ರ ಬೇಡ್ತಿಯಾಗಿ ಪಶ್ಚಿಮಕ್ಕೆ ಇಳಿಯುತ್ತಾಳೆ. ಹುಬ್ಬಳ್ಳಿಯ ಪೂರ್ವದ ಮಳೆ ಬೆಣ್ಣಿಹಳ್ಳ ಹಿಡಿದು ಒಂದು ಸಮುದ್ರಕ್ಕೆ, ಧಾರವಾಡದ ಮಳೆ ಇನ್ನೊಂದು ಸಮುದ್ರಕ್ಕೆ. ಇದನ್ನು ಮಕ್ಕಳಿಗೆ ಸೋಮೇಶ್ವರ ಗುಡಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ಗಡಿ ನೆಲವನ್ನು ಎಷ್ಟು ಬೇಗ ಬದಲಿಸುತ್ತದೆ ಎನ್ನಲು 2004ರ ಡಿಸೆಂಬರ್ 26ರ ಭೂಕಂಪದ ಕಥೆ ಹೇಳುತ್ತಿದ್ದೆ. ಕೆಲವೇ ನಿಮಿಷದಲ್ಲಿ ನಿಕೋಬಾರಿನ ಇಂದಿರಾ ಪಾಯಿಂಟ್ 4 ಮೀಟರ್‌ಗಿಂತ ಹೆಚ್ಚು ಕುಸಿಯಿತು, ದೀಪಸ್ತಂಭದ ಬುಡ ಸಮುದ್ರದೊಳಗೆ ಹೋಯಿತು. ಉತ್ತರ ಅಂಡಮಾನಿನಲ್ಲಿ ಹವಳದ ದಿಬ್ಬ ನೀರಿನಿಂದ ಮೇಲೆದ್ದು ಒಣಗಿತು.

ಕ್ಯಾಸಲ್‌ರಾಕ್_ಲೋಕೋ:
ಮೇಷ್ಟ್ರ ಈ ಮಾತು ಚೆನ್ನಾಗಿದೆ. ಬೆಣ್ಣಿಹಳ್ಳ ಮತ್ತು ಶಾಲ್ಮಲೆಯ ಪಾಠ ನಮಗೆ ಯಾರೂ ಮಾಡಲಿಲ್ಲ.

ಕಪ್ಪತಗುಡ್ಡದ_ಗಾಳಿ:
ನದಿಯ ಮಾತು ಸರಿ. ಎರೆಮಣ್ಣಿನ ಮಾತು ಈಗಲೂ ತಪ್ಪು.

ಸಾಧನಕೇರಿ_ಓದುಗ:
ನಾನು ಬದಲಾಗಬೇಕಾದರೆ ರೋಣದ ಹೊಂಡದ ಕಲ್ಲು ಮತ್ತು ಗರಸು ನನ್ನ ಕಣ್ಣಿಗೆ ಬೀಳಬೇಕು. ಮರಳು ಇದೆಯೋ ಇಲ್ಲವೋ ಅದೂ ಬೇಕು. ಅದಿಲ್ಲದೆ ಒಂದು ಸಾಲೂ ತಿದ್ದುವುದಿಲ್ಲ.

ಎರೆಹೊಲ_ರೋಣ:
ಹೊಂಡದಲ್ಲಿ ಈಗ ಎದೆಮಟ್ಟ ನೀರಿದೆ. ಆದರೆ ಪೂರ್ವದ ದಂಡೆ ಕುಸಿದು ಪದರ ತೆರೆದಿದೆ. ನಾಳೆ ಬೆಳಿಗ್ಗೆ ಗುದ್ದಲಿ ತೆಗೆದುಕೊಂಡು ಹೋಗುತ್ತೇನೆ. ಮೇಲಿನಿಂದ ಕೆಳಗಿನವರೆಗೆ ಒಂದೊಂದು ಗೇಣಿಗೆ ಒಂದು ಮುಷ್ಟಿ ತೆಗೆದು, ಬೇರೆ ಬೇರೆ ಚೀಲಕ್ಕೆ ಹಾಕಿ ಫೋಟೋ ಕಳಿಸುತ್ತೇನೆ. ಉರುಟು ಕಲ್ಲು ಸಿಕ್ಕರೆ ಹೊಳೆಯದು ಎಂದು ಗದಗದವರು ಒಪ್ಪಬೇಕು.

ಕಪ್ಪತಗುಡ್ಡದ_ಗಾಳಿ:
ಚೀಲದ ಮೇಲೆ ಆಳ ಬರೆಯಿರಿ. ಬಿಳಿ ಹರಳಿನ ಮೇಲೆ ನಿಂಬೆರಸ ಹಿಂಡಿ, ನೊರೆ ಬಂದರೆ ಸುಣ್ಣ. ಕಲ್ಲಿನ ಹೊಸ ಒಡಕಿನ ಮುಖ ತೋರಿಸಿ, ಹಳೆಯ ಮುಖ ಬೇಡ.

ಹೊಸಬಡಾವಣೆ_ಹುಬ್ಳಿ:
ಪೆನ್ಸಿಲ್ ಗುರುತು ಹಾಕಿದೆ. ಈ ವಾರ ಮೂರು ದಿನ ಮಳೆ ಬಿತ್ತು. ಮೇ ತಿಂಗಳಲ್ಲಿ ಒಳಗೆ ಹೋಗುತ್ತಿದ್ದ ಕಾರ್ಡ್ ಈಗ ಹೋಗುತ್ತಿಲ್ಲ.